ಗುಡ್ಡಪ್ಪನ ಈಮೇಲ್ ಸಾಣಿಗಿ

ನಡುವ ಬಾಯಿ ಹಾಕಬ್ಯಾಡ್ರಿ, ಹೇಳ್ತೀನಿ. ರಾಣೆಬೆನ್ನೂರಾಗ ಕೊಟ್ರವ್ವ ಅಂತ ಒಬ್ಬಾಕಿ. ಶೇಂಗಾ ಹೋಳಿಗಿ ಮಾಡಿ ಊರೂರಿಗೆ ಕಳಿಸಾಕಿ. ಆಕಿಗೆ ಒಬ್ಬನ ಮಗ, ಗುಡ್ಡಪ್ಪ. ಕೈ ಚುರುಕು, ತಲಿ ಮಾತ್ರ ಆ ದೇವರಿಗೇ ಪ್ರೀತಿ! ಆರ್ಡರ್ ಎಲ್ಲಾ ಈಮೇಲಿನಾಗ ಬರೋವು, ಅದನ್ನ ನೋಡೋದು ಇವನ ಕೆಲಸ. ಪುಣೆದ ಒಂದು ದೊಡ್ಡ ಅಂಗಡಿ ವರ್ಷಪೂರ್ತಿ ಹೋಳಿಗಿ ತಗೋತೀವಿ ಅಂದಿತ್ತು. ಅದು ಕೈ ತಪ್ಪಿದ್ರ ಕೊಟ್ರವ್ವನ ಒಲಿ ಆರಿದಂಗ.

ಒಂದಿನ "ಲಾಟ್ರಿ ಹತ್ತೈತಿ, ರೊಕ್ಕ ಕಳಿಸ್ರಿ" ಅಂತ ಈಮೇಲ್ ಬಂತು. ಗುಡ್ಡಪ್ಪ ಕುಣಕೋತ ಬಂದು ಅವ್ವಗ ಹೇಳಿದ.

"ಮಬ್ಬ! ಅವರು ಕಳ್ಳರೋ! ಹಿಟ್ಟಿಗಿದ್ದಂಗ ಈಮೇಲಿಗೂ ಒಂದು ಸಾಣಿಗಿ ಇರ್ತೈತಿ. ಲಾಟ್ರಿ ಅಂದವರನ್ನ ಸೋಸಿ ಕಸಕ್ಕ ಹಾಕು!"

"ಆತವ್ವ!"

ಮರುದಿನ "ಲಾ.ಟ್ರಿ" ಅಂತ ಬಂತು. ಒಳಗ ಬಿಟ್ಟ.

"ಮತ್ಯಾಕ ಬಿಟ್ಟ್ಯೋ?"

"ಇದು ಲಾಟ್ರಿ ಅಲ್ಲವ್ವ, ನಡುವ ಚುಕ್ಕಿ ಐತಿ!"

"ಅಯ್ಯ ನನ್ನ ಹಣೇಬಾರವ! ವೇಷ ಹಾಕ್ಯಾರೋ! ಚುಕ್ಕಿ ಇದ್ದವರನ್ನೂ ಕಸಕ್ಕ ಹಾಕು!"

"ಆತವ್ವ!"

ಹಾಕಿದ. ಈಮೇಲ್ ಬರೋದ ನಿಂತ ಹೋತು. ಯಾರ ಈಮೇಲ್ ವಿಳಾಸದಾಗ ಚುಕ್ಕಿ ಇಲ್ಲ, ನೀವ ಹೇಳ್ರಿ? ಗುಡ್ಡಪ್ಪ ತಲಿ ಕೆರಕೊಂಡ. ಮಂದಿಯೆಲ್ಲಾ ಕಳ್ಳರಾದ್ರ ಹೋಳಿಗಿ ತಿನ್ನೋರ್ಯಾರು? ಕೊಟ್ರವ್ವ ಕಸದಾಗ ಹುಡುಕಿದ್ರ ಪುಣೆದವರ ಈಮೇಲ್ ಅಲ್ಲೇ ಬಿದ್ದೈತಿ! "ನಾಳೆ ಸಂಜಿಯೊಳಗ ಹೂಂ ಅನ್ರಿ, ಇಲ್ಲಾಂದ್ರ ಬ್ಯಾರೆಯವರಿಗೆ ಕೊಡ್ತೀವಿ" ಅಂತ. ಆಕಿ ಮಗನ್ನ ಕೂಗಿದ್ಲು.

"ಚುಕ್ಕಿ ಬಿಡೋ ಹುಚ್ಚಪ್ಪ! ಯಾರು ಬರದಾರ ನೋಡು. ಗುರ್ತಿನವರಾದ್ರ ಒಳಗ ಬಿಟ್ಕೋ!"

"ಆತವ್ವ!"

ಮರುದಿನ ಮುಂಜಾನೆ "ನಾನು ಕೊಟ್ರವ್ವ, ಪಾಸ್‌ವರ್ಡ್ ಕಳಿಸು" ಅಂತ ಬಂತು. ಅವ್ವಗಿಂತ ಗುರ್ತಿನವರ್ಯಾರು? ಕಳಿಸಿಬಿಟ್ಟ.

"ನಿನ್ನೆದುರಿಗೇ ಕಣಕ ನಾದಾಕತ್ತೀನಲ್ಲೋ!"

"ಅದಕ್ಕ ನನಗೂ ಗಾಬರಿ ಆತವ್ವ! ಹಿಟ್ಟಿನ ಕೈಲೆ ಎಷ್ಟು ಚಂದ ಟೈಪ್ ಮಾಡೀದಿ!"

ಕೊಟ್ರವ್ವ ಪಾಸ್‌ವರ್ಡ್ ಬದಲಿಸಿ ಹಣಿ ಹಣಿ ಬಡಕೊಂಡ್ಲು. "ಅವರು ದಿನಕ್ಕೊಂದು ವೇಷ ಹಾಕ್ತಾರ, ನೀನು ನಿಂತಲ್ಲೇ ನಿಂತೀ! ಕಳ್ಳನ್ನ ಹಿಡೀಬೇಕಂದ್ರ ಕಳ್ಳನಂಗ ವಿಚಾರ ಮಾಡಬೇಕೋ! ಈಗ ಪುಣೆದವರಿಗೆ ಹೂಂ ಅಂತ ಬರಿ, ಸಂಜಿ ಆಗೋದ್ರಾಗ!"

"ಆತವ್ವ!"

ಕಳ್ಳನಂಗ ವಿಚಾರ ಮಾಡಿದ. ಮಾಡಿ ಮಾಡಿ ಬೆವತ. ಕಳ್ಳ ಇದ್ರ ಏನ ಬರೀತಿದ್ದ? ಬರದ. ಮತ್ತ ಬರದ. ಸಂಜಿಗೆ ನಕ್ಕೋತ ಅಡಗಿಮನಿಗೆ ಬಂದ.

"ಪುಣೆದವರು ಭಾಳ ಶಾಣ್ಯಾರವ್ವ! 'ಲಾಟ್ರಿ ಹತ್ತೈತಿ, ಪಾಸ್‌ವರ್ಡ್ ಕಳಿಸ್ರಿ' ಅಂತ ಬರದೆ, ಮೋಸ ಹೋಗಲಿಲ್ಲ. ಲಾ.ಟ್ರಿ ಅಂದೆ, ಬಗ್ಗಲಿಲ್ಲ. ಕಡೀಕ ನೀ ಹೇಳಿದಂಗ ಹೂಂ ಅಂತ ಬರದೆ. ಅವರ ಸಾಣಿಗಿ ಅಂದ್ರ ಸಾಣಿಗಿ! ಅದನ್ನೂ ಒಳಗ ಬಿಡದ ತಿರುಗಿ ಕಳಿಸ್ಯಾರ!"