ಮಸಿ ಹಿಡಿದ ಕಿತ್ಲಿ

"ಅಜ್ಜಾರ, ಮೂರು ವರ್ಷಾತು ನಿಮ್ಮ ಮಠಕ್ಕ ಬರಾಕ ಹತ್ತಿ. ನನ್ನಾಗ ಏನು ಕೊರತಿ ಐತಿ ಅಂತ ಒಂದು ದಿನಾನೂ ಹೇಳಲಿಲ್ಲ. ಯಾಕ?" ಅಂತ ನೀಲಗಂಗವ್ವ ಕೇಳಿದ್ಲು. ಉತ್ತರ ಸಿಗೂತನಕ ಏಳೂದಿಲ್ಲ ಅಂತ ಸೆರಗು ಬಿಗದು ಕುಂತಿದ್ಲು. ಅಜ್ಜಾರು ಒಂದು ಕತಿ ಹೇಳಿದ್ರು.

ಒಬ್ಬಾಕಿ ಸಾಹುಕಾರ್ತಿಗೆ ತನ್ನ ಮಗಳನ್ನ ಗಂಡನ ಮನಿಗೆ ಕಳಸೂದಿತ್ತು. ಆ ಮಗಳು ಒಡವಿ ಕೇಳಲಿಲ್ಲ, ಸೀರಿ ಕೇಳಲಿಲ್ಲ. ನಮ್ಮ ಮನಿ ಚಾದ ಸಾಮಾನು ಒಂದು ಚಿತ್ರದಾಗ ಬರಿಸಿಕೊಡು, ದಿನದ್ದೂ ಬರಲಿ, ಹಬ್ಬದ್ದೂ ಬರಲಿ ಅಂದ್ಲು. ಚಿತ್ರಗಾರ ಬಂದ. ಕಳಸಾಕ ಇನ್ನ ಎಂಟು ದಿನ ಇತ್ತು.

ಹಬ್ಬದ ಕಪ್ಪು-ಬಸಿಗೆ ಬಂಗಾರದ ಅಂಚು. ಬೀಗರು ಬಂದ್ರಷ್ಟ ಕಪಾಟಿನಿಂದ ಇಳಿಯೂವು. ಚಾದ ರುಚಿ ಅವಕ್ಕ ಸರಿಯಾಗಿ ಗೊತ್ತಿರಲಿಲ್ಲ. ಅವನ್ನ ಚಿತ್ರಗಾರ ಎರಡು ದಿನದಾಗ ಬರದು ಮುಗಿಸಿದ. ಮೂರನೇ ದಿನ ಒಲಿ ಮ್ಯಾಲಿನ ದಿನದ ಚಾ ಕುದಿಸೂ ಕಿತ್ಲಿ ತರಿಸಿದ. ತಳಾ ಕರ್ರಗ, ಮೂತಿ ಕೆಳಗ ಚಾ ಸುರದು ಸುರದು ಕಂದು ಕಲಿ. ಇದ ನೋಡು ಮನಿ ಅಂದ್ರ, ಅಂತ ಅವನ ಮನಸಿಗೆ ಬಂತು. ಪೆನ್ಸಿಲಿನಾಗ ಗುರುತು ಹಾಕಿ ಹೋದ. ಮರುದಿನ ಬಂದ್ರ ಕಿತ್ಲಿ ಬೆಳ್ಳಿ ಹಂಗ ಥಳಥಳ. ಸಾಹುಕಾರ್ತಿ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ಇಟ್ಟಿದ್ಲು.

ಕಾಣದ್ದನ್ನ ಬರಿಯೂದಿಲ್ಲ ಅನ್ನೂದು ಅವನ ಹಟ. ಒಲಿ ಮ್ಯಾಲ ಇಟ್ಟು ಚಾ ಕುದಿಸಿ ಮತ್ತ ಮಸಿ ಹಿಡಿಸಿದ. ಅಕೀನೂ ಬಿಡಾಕಿ ಅಲ್ಲ. ಮತ್ತ ತಿಕ್ಕಿದ್ಲು, ಸಾಲದ್ದಕ್ಕ ದಿನಾ ಬಳಸೂ ಕಿವಿ ಮುರದ ಕಪ್ಪು ತಗದು ಹೊಸಾದು ಇಟ್ಲು. ಹಿಂಗ ಐದು ದಿನ ನಡೀತು.

"ಅವ್ವಾ, ನೀ ದಿನಾ ಬ್ಯಾರೆ ಕಿತ್ಲಿ ಇಡ್ತಿ. ನಿನ್ನೆ ನೋಡಿದ್ದನ್ನ ನಾ ಎಲ್ಲಿ ಹುಡಕ್ಲಿ?" ಅಂದ.

"ಬೀಗರ ಗ್ವಾಡಿಗೆ ನನ್ನ ಮನಿ ಮಸಿ ನೇತು ಹಾಕಾಕ ಬಂದೀಯೇನು, ತಮ್ಮಾ?" ಅಂದ್ಲು ಅಕಿ.

ಕಳಸೂ ದಿನ ಬಂತು. ಚಿತ್ರದಾಗ ಅರ್ಧ ಬಂಗಾರದಂಚಿನ ಕಪ್ಪು-ಬಸಿ, ಉಳಿದರ್ಧ ಬರೇ ಪೆನ್ಸಿಲ್ ಗೆರಿ. ಮಗಳು ಭಾಳ ಹೊತ್ತು ನೋಡಿದ್ಲು. ಇದು ಯಾರ ಮನಿದು ಅಂತ ಕೇಳಿ, ಅಲ್ಲೇ ಬಿಟ್ಟು ಗಾಡಿ ಹತ್ತಿದ್ಲು.

ನೀಲಗಂಗವ್ವಗ ಸಿಟ್ಟು ಬಂತು. ಎಂಥಾ ತಾಯಿ ಅಕಿ, ಒಂದು ಕಿತ್ಲಿ ಮಸಿಗೆ ನಾಚಿ ಮಗಳನ್ನ ಬರಿಗೈಲೆ ಕಳಿಸಿದ್ಲು ಅಂತ ಬೈದ್ಲು.

ಅಜ್ಜಾರು ಅಕಿ ಮಾರಿ ನೋಡಿ ಅಂದ್ರು: "ನೀನೂ ನನ್ನ ಮುಂದ ದಿನಾ ತಿಕ್ಕಿ ಬೆಳಗಿಸ್ಕೊಂಡ ಬಂದು ಕುಂದರ್ತಿ, ತಂಗಿ, ನಾ ಏನ ನೋಡಿ ಹೇಳ್ಲಿ?"