ಗುಂಡಿ ಇರೋ ಅರ್ಧ

“ಕೇಳ್ರಪ್ಪೋ ಕೇಳ್ರಿ. ಮಿಸ್ತ್ರಿಯ ಆರಿಹೋದ ದೀಪನ ಯಾರು ಮತ್ತೆ ಹತ್ತಿಸ್ತಾರೋ, ಅವನ ಮೂರು ಒಗಟು ಯಾರು ಬಿಡಿಸ್ತಾರೋ, ಅವರಿಗೆ ಅರ್ಧ ರಾಜ್ಯ. ತಪ್ಪಿದೋರಿಗೆ ಅರಮನೆ ಹಿಂದಿನ ಗುಂಡಿ.”

ಕೆಂಗೋಟೆ ದೊರೆ ಬಸವಂತರಾಯ ಹಿಂಗೆ ಡಂಗುರ ಸಾರಿಸಿದಾಗ ದುರುಗ ಆ ಗುಂಡಿ ಪಕ್ಕದಲ್ಲೇ ಕೂತು ರೊಟ್ಟಿ ತಿಂತಿದ್ದ. ಅರಮನೆ ಕಕ್ಕಸು, ಬಚ್ಚಲು, ಅಡಿಗೆಮನೆ ಕೊಚ್ಚೆಯೆಲ್ಲ ಬಂದು ಬೀಳೋ ಗುಂಡಿ ಅದು, ನಾಲ್ಕಾಳುದ್ದ. ಚಪ್ಪಡಿ ಸರಿಸೋದು, ಹಗ್ಗ ಇಳಿಬಿಡೋದು ದುರುಗನ ಕೆಲಸ. ಅವನಣ್ಣ ಮಾರೆಪ್ಪನದೂ ಅದೇ ಆಗಿತ್ತು. ಮೊದಲು ಲಾಟೀನು ಇಳಿಬಿಡು, ಅದು ಆರಿದ್ರೆ ಮನುಷ್ಯ ಇಳೀಬಾರ್ದು ಅಂತ ತಮ್ಮನಿಗೆ ಕಲಿಸಿದೋನೇ ಮಾರೆಪ್ಪ. ಒಂದಿನ ಲಾಟೀನು ಆರ್ತು. ದೊರೆ ಇಳಿ ಅಂದ. ಮಾರೆಪ್ಪ ಇಳಿದೋನು ಹತ್ತಿ ಬರಲಿಲ್ಲ.

ಆಮೇಲೆ ಮಿಸ್ತ್ರಿ ಬಂದ, ಯಾವೂರೋನೋ ಮುದುಕ. ದುರುಗನ ಕೈಲಿ ಗುಂಡಿ ಕೆಸರು ತರಿಸಿ, ಮಡಕೇಲಿ ತುಂಬಿ, ಎಣ್ಣೆ ಬತ್ತಿ ಏನೂ ಇಲ್ದೆ ತಂತಿ ತುದೀಲಿ ಹೆಸರುಕಾಳಿನಷ್ಟು ಬಲ್ಬು ಉರಿಸಿದ. ರಾಜನ ಕಾಲದಲ್ಲಿ ಬಲ್ಬು ಎಲ್ಲಿತ್ತು ಅನ್ನಬೇಡಿ, ಇತ್ತು. ನನಗಿಂತ ಚೆನ್ನಾಗಿ ಈ ಕತೆ ಬಲ್ಲೋನು ಈ ಸೀಮೇಲಿಲ್ಲ. ದೊರೆ ಗುಟ್ಟು ಕೇಳಿದ. ಇನ್ಯಾರನ್ನೂ ಗುಂಡಿಗೆ ಇಳಿಸಲ್ಲ ಅಂತ ಮಾತು ಕೊಟ್ರೆ ಹೇಳ್ತೀನಿ ಅಂದ ಮಿಸ್ತ್ರಿ. ದೊರೆ ಅವನನ್ನೇ ಇಳಿಸಿದ. ಮುದುಕ ಮೂರು ಒಗಟು ಹೇಳಿ ಹೋದ, ಅಷ್ಟೆ. ಅರಮನೆ ಆಳುಗಳು ಮಡಕೆ ಗಲೀಜು ಅಂತ ಎಲ್ಲಾ ಬಿಚ್ಚಿ, ತಿಕ್ಕಿ, ತೊಳೆದಿಟ್ರು. ದೀಪ ಆರಿಹೋಯ್ತು.

ಡಂಗುರ ಕೇಳಿ ಮೊದಲು ಒಬ್ಬ ಪಂಡಿತ ಬಂದ. ದೊರೆ ಮೊದಲನೇ ಒಗಟು ಹೇಳಿದ: “ಅವನಿಗೆ ಬಾಯಿಲ್ಲ, ನಾವು ಬಿಸಾಕಿದ್ದೇ ಅವನ ಊಟ. ಉಸಿರು ಕಟ್ಟಿದ ಕಡೆ ದುಡೀತಾನೆ, ಗಾಳಿ ಬಂದ್ರೆ ಕೈ ಚೆಲ್ತಾನೆ. ಯಾರವನು?” ಪಂಡಿತ ಪ್ರೇತ ಅಂದ, ದೀಪ ಹತ್ತಲಿಲ್ಲ. ಇಳಿಸಿದ್ರು. ಒಬ್ಬ ಶೆಟ್ಟಿ ಹೆಗ್ಗಣ ಅಂದ. ಅವನನ್ನೂ ಇಳಿಸಿದ್ರು. ನೆರೆರಾಜ್ಯದ ರಾಜಕುಮಾರ ಹಾವು ಅಂದು, ಹಗ್ಗದ ಮೇಲೆ ಅವ್ವನ್ನ ಕೂಗ್ತಾ ಹೋದ. ಹಗ್ಗ ಹಿಡಿದಿದ್ದ ದುರುಗನಿಗೆ ಮೂರು ದಿನ ಊಟ ಸೇರಲಿಲ್ಲ.

ನಾಲ್ಕನೇ ದಿನ ದಳವಾಯಿ ಬಂದ. ರಾಜಕುಮಾರನ ಕೈಲಿದ್ದ ಮುದ್ರೆ ಉಂಗುರ ಅವರಪ್ಪ ಕೇಳ್ತಾವ್ನೆ, ಇಳಿದು ತಾ ಅಂದ. ದುರುಗ ಲಾಟೀನು ಇಳಿಬಿಟ್ಟ. ಆರ್ತು. ಇನ್ನೊಂದ್ಸಲ ಬಿಟ್ಟ. ಆಗಲೂ ಆರ್ತು. ಹಗ್ಗ ಸುತ್ತಿಟ್ಟು, ಸೀದಾ ದೊರೆ ಮುಂದೆ ಹೋಗಿ ನಿಂತ.

“ಹೆಂಗೂ ಸಾಯೋದೇ ಬುದ್ಧಿ. ಒಗಟು ಬಿಡಿಸಿ ಸಾಯ್ತೀನಿ.”

ದಳವಾಯಿ ನಕ್ಕ. “ಹಗ್ಗ ನೀನೇ ಹೊಸೆದದ್ದಲ್ವೇನೋ, ಗಟ್ಟಿ ಐತಾ?”

“ಐತೆ ದಳವಾಯಿಗಳೇ. ನಿಮ್ಮ ಭಾರಾನೂ ತಡೀತದೆ.”

ದೊರೆ ಮೊದಲನೇದು ಕೇಳಿದ.

“ಅವನು ಒಬ್ಬನಲ್ಲ, ಕೋಟಿಗಟ್ಟಲೆ. ಕಣ್ಣಿಗೆ ಕಾಣದ ಹುಳ,” ಅಂದ ದುರುಗ. “ಲಾಟೀನು ಆರಿದ ಮೇಲೂ ಕೆಸರಲ್ಲಿ ಗುಳ್ಳೆ ಏಳ್ತಾನೇ ಇರ್ತದೆ. ಕೆಳಗೆ ಯಾವುದೋ ಬದುಕಿ ಉಣ್ತಾ ಇಲ್ದಿದ್ರೆ ಗುಳ್ಳೆ ಎಲ್ಲಿಂದ ಬರ್ಬೇಕು?”

ಮಿಸ್ತ್ರಿ ಗುಂಡಿ ಕೆಸರನ್ನೇ ತರಿಸಿದ್ದು ದೊರೆಗೆ ನೆನಪಾಯ್ತು. ದೊರೆ ಎರಡನೇದು ಹೇಳಿದ: “ಅಕ್ಕ ಕೆಳಗೆ ಮುಳುಗಿರ್ತಾಳೆ, ತಂಗಿ ಮೇಲೆ ಗಾಳಿ ಕುಡೀತಾಳೆ. ಮೈ ತಾಗಂಗಿಲ್ಲ, ಕೈ ಬಿಡಂಗಿಲ್ಲ. ಯಾರವರು?”

“ಎರಡು ಇದ್ದಿಲು ಬುದ್ಧಿ. ಕೆಸರು ಹೊತ್ತೋನು ನಾನು, ಮಿಸ್ತ್ರಿ ಇಡೋದು ನೋಡಿದೀನಿ. ಒಂದು ಕೆಸರೊಳಗೆ, ಒಂದು ಗಾಳಿ ತಾಗೋ ಮೇಲಿನ ತಿಳಿನೀರಲ್ಲಿ. ನಡುವೆ ಹಿಡಿದಿರೋ ಕೈ ಅಂದ್ರೆ ತಂತಿ. ಹುಳ ಉಂಡು ಬಿಟ್ಟ ಶಕ್ತಿ ಕೆಳಗಿನ ಇದ್ದಿಲಿಗೆ ಇಳಿದು, ತಂತಿ ಹಿಡ್ಕೊಂಡು ಮೇಲಿನದಕ್ಕೆ ಹೋಗ್ತದೆ. ದಾರೀಲಿರೋ ಬಲ್ಬು ಹತ್ತತದೆ.”

“ಗೊತ್ತಿದ್ದೂ ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯಾ?”

“ಮೂರನೇದು ಗೊತ್ತಿಲ್ಲ ಬುದ್ಧಿ. ಎರಡು ಹೇಳಿದೋನ್ನೂ ನೀವು ಇಳಿಸ್ತೀರಿ.”

ಮೂರನೇದು ಇದು: “ಕೊಳೆ ಅಂತ ತೆಗೆದವನು ಕತ್ತಲಲ್ಲಿ ಉಳಿದ, ಬಿಟ್ಟವನು ಬೆಳಕು ಕಂಡ. ಯಾವುದು ಆ ಕೊಳೆ?”

ಮಡಕೆ ತರ್ಲಿ, ನೋಡ್ತೀನಿ ಅಂದ ದುರುಗ. ಆಳು ತಂದು ಮುಂದಿಟ್ಟ. ನೋಡು ಹೆಂಗೆ ತೊಳೆದಿದೀನಿ ಅನ್ನೋ ಹೆಮ್ಮೆ ಅವನ ಮುಖದಲ್ಲಿ. ದುರುಗ ಕೆಳಗಿನ ಇದ್ದಿಲು ಎತ್ತಿ ಬೆರಳಾಡಿಸಿದ. ಒರಟೊರಟಾಗಿತ್ತು. ಗುಂಡಿಗೆ ಬಿದ್ದ ಒಲೆ ಇದ್ದಿಲನ್ನ ಎಷ್ಟು ಸಲ ಎತ್ತಿಲ್ಲ ಅವನು; ಒಂದಾದ್ರೂ ಲೋಳೆ ಇಲ್ದೆ ಕೈಗೆ ಬಂದದ್ದಿಲ್ಲ.

“ಹದಿನೈದು ದಿನ ಕೊಡಿ ಬುದ್ಧಿ,” ಅಂದ.

ಬಕೀಟಲ್ಲಿ ಕೆಸರು ಸೇದಿ ಮಡಕೆ ಕಟ್ಟಿ, ಪಕ್ಕದಲ್ಲೇ ಕೂತ. ಹತ್ತು ದಿನ ಹೋಯ್ತು, ಏನೂ ಇಲ್ಲ. ಹನ್ನೆರಡನೇ ದಿನ ನಾತ ತಡೀಲಾರದೆ ಆಳು ಮತ್ತೆ ತೊಳೆಯೋಕೆ ಬಂದ. ದುರುಗ ಮಡಕೆ ತಬ್ಬಿಕೊಂಡು ಒದೆ ತಿಂದ, ಮಡಕೆ ಬಿಡಲಿಲ್ಲ. ಹದಿನೈದನೇ ದಿನ ದಳವಾಯಿ ಹಗ್ಗ ತಂದು ಅವನ ಸೊಂಟಕ್ಕೆ ಬಿಗಿದ. ಚಪ್ಪಡಿ ಸರಿಸಿದ್ರು. ಅಷ್ಟೊತ್ತಿಗೆ ಬಲ್ಬಿನೊಳಗೆ ಒಂದು ಕೆಂಪು ಚುಕ್ಕೆ ಕಂಡ್ತು. ನೋಡ್ತಾ ನೋಡ್ತಾ ಬೆಳ್ಳಗಾಯ್ತು.

“ಇದ್ದಿಲ ಮೇಲಿನ ಲೋಳೆನೇ ಬುದ್ಧಿ ಆ ಕೊಳೆ,” ಅಂದ ದುರುಗ, ಹಗ್ಗ ಬಿಚ್ಚಿಕೊಳ್ತಾ. “ಅದು ಹುಳಗಳ ಮನೆ. ನಿಮ್ಮೋರು ತೊಳೆದದ್ದು ದುಡಿಯೋರನ್ನೇ.”

ದೊರೆ ದೀಪದ ಹತ್ರ ಬಗ್ಗಿ, ಇದಕ್ಕೆ ಏನು ಹಾಕ್ತಿದೀಯ ಅಂದ.

“ನೀವು ಬಿಸಾಕಿದ್ದೇ ಬುದ್ಧಿ, ಬೇರೆ ಏನಿಲ್ಲ. ಪಂಡಿತರು, ಶೆಟ್ಟರು, ರಾಜಕುಮಾರ, ಮಿಸ್ತ್ರಿ, ನಮ್ಮಣ್ಣ. ಎಲ್ಲಾ ಅವ್ರೆ ಇದರಲ್ಲಿ.”

ದೊರೆ ಬಗ್ಗಿದ್ದೋನು ನೆಟ್ಟಗಾದ. ಕೊಟ್ಟ ಮಾತು ಊರೆಲ್ಲ ಕೇಳಿತ್ತು. ಯಾವ ಅರ್ಧ ಬೇಕೋ ಕೇಳು ಅಂದ.

“ಗುಂಡಿ ಇರೋ ಅರ್ಧ.”

ಸಭೆ ನಕ್ಕಿತು. ನೀರಾವರಿ, ಗಂಧದ ಕಾಡು ಬಿಟ್ಟು ಹೇಲುಗುಂಡಿ ಕೇಳ್ತಾನಲ್ಲ ಅಂತ. ಅರಮನೆ ಹಿಂದಿನ ಗೋಡೆಗೆ ಗಡಿಕಲ್ಲು ನೆಟ್ರು. ಮುಂದಿನ ತಿಂಗಳು ದೊರೆ ಯಾರನ್ನೋ ಇಳಿಸ್ರೋ ಅಂದಾಗ, ಆಳುಗಳು ಗಡಿಕಲ್ಲ ಹತ್ರ ಹೋಗಿ ನಿಂತ್ಕೊಂಡ್ರು. ಆಚೆ ಬೇರೆಯವನ ರಾಜ್ಯ. ಗುಂಡಿ ಮೇಲೆ ಚಪ್ಪಡಿ, ಚಪ್ಪಡಿ ಮೇಲೆ ಮಡಕೆ, ಪಕ್ಕದಲ್ಲಿ ದುರುಗ ರೊಟ್ಟಿ ತಿಂತಾ ಕೂತಿದ್ದ.

ದೊರೆ ಮಲಗೋ ಕೋಣೆ ಕಿಟಕಿಗೆ ಆ ದೀಪ ನೇರ ಕಾಣ್ತಿತ್ತು. ಒಂದು ವಾರ ತಡ್ಕೊಂಡ. ಆಮೇಲೆ ಕಿಟಕಿಗೆ ಇಟ್ಟಿಗೆ ಇಡಿಸಿ, ಕತ್ತಲೇಲೇ ಮಲಗಿದ.