ಬಾಯಿ ಮುಚ್ಚಿ ಕೇಳಿದ ಪದಗಳು

ಹೊಳೆದಂಡೆಯ ಆಶ್ರಮದಲ್ಲಿ ಅಡವೆಪ್ಪಜ್ಜ ಹಾಡುತ್ತಿದ್ದ ತತ್ವಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವನ ಗುರು ಹಾಡಿ ಹಾಡಿಯೇ ಅವನಿಗೆ ಕೊಟ್ಟುಹೋದ ಪದಗಳವು. ಎಲ್ಲೂ ಬರೆದಿಟ್ಟಿರಲಿಲ್ಲ.

ಸಂಜೆ ಅಜ್ಜ ಏಕತಾರಿ ಹಿಡಿದು ಒಂದು ನುಡಿ ಹಾಡಿದರೆ ಕೂತವರು ದನಿಗೂಡಿಸುತ್ತಿದ್ದರು. ತಪ್ಪಿದರೆ ಅಜ್ಜ ಕಣ್ಣಲ್ಲೇ ಗದರಿಸುತ್ತಿದ್ದ. ಮತ್ತೆ ಹಾಡುತ್ತಿದ್ದರು. ಕಲಿಯುವುದೆಂದರೆ ಅಲ್ಲಿ ಇಷ್ಟೇ. ಒಂದು ಪದ ಬಾಯಿಗೆ ಹತ್ತಲು ವರ್ಷಗಳೇ ಬೇಕು; ಇನ್ನೂ ಯಾರಿಗೂ ಒಂದೂ ಪೂರ್ತಿ ಹತ್ತಿರಲಿಲ್ಲ.

ಅಜ್ಜನಿಗೆ ವಯಸ್ಸಾಗುತ್ತಿರುವುದು ಶಿಷ್ಯ ಮುರಿಗೆಪ್ಪನ ಕಣ್ಣಿಗೆ ಬಿತ್ತು. ಪೇಟೆಗೆ ಹೋಗಿ ಮೈಕು, ಕಂಪ್ಯೂಟರು ತಂದ.

“ಅಜ್ಜಾರ, ನಿಮ್ಮ ಪದ ಎಲ್ಲಾ ಇದರಾಗ ತುಂಬಿಡ್ತೀನ್ರಿ. ಇನ್ನ ಕಳಿಯೂ ಮಾತಿಲ್ಲ.”

“ಇಡಪಾ,” ಎಂದ ಅಜ್ಜ.

ಮುರಿಗೆಪ್ಪ ಕೂತವರ ಕಡೆ ತಿರುಗಿದ. “ಯಾರೂ ದನಿಗೂಡಸಬ್ಯಾಡ್ರಿ. ನಿಮ್ಮ ದನಿ ಇದರಾಗ ಸೇರಿದ್ರ ಪದ ಕೆಡತೈತಿ.”

ಎಲ್ಲರೂ ಬಾಯಿ ಮುಚ್ಚಿ ಕೇಳಿದರು. ಸುಮ್ಮನೆ ಕೂತು ಕೂತು ಬೇಸತ್ತ ಕೆಲವರು ಬರುವುದನ್ನೇ ಬಿಟ್ಟರು. ಪಕ್ಕದ ಊರಿನ ಸಾತವ್ವ ಮಾತ್ರ ತಪ್ಪದೆ ಬಂದಳು. ಒಂದು ದಿನ ಅವಳು ಮುರಿಗೆಪ್ಪನನ್ನು ಕೇಳಿದಳು.

“ತಮ್ಮಾ, ಇದರಾಗಿಂದ ಒಂದ ಪದ ಹಚ್ಚು. ಅದರ ಕೂಡ ಹಾಡ್ಕೋತ ಕಲೀತೀನಿ.”

“ಈಗ ಬ್ಯಾಡ ಸಾತಕ್ಕಾ. ಮಂದಿ ಮೊಬೈಲಿಗೆ ಬಿದ್ರ ಹಾದಿಬೀದಿ ಪಾಲಾಗ್ತಾವ.”

ಯಾರೂ ಕದಿಯಬಾರದೆಂದು ಅವನು ಡಿಸ್ಕಿನ ಒಂದು ಭಾಗಕ್ಕೆ ಗುಪ್ತ ಬೀಗ ಹಾಕಿ ಪದಗಳನ್ನೆಲ್ಲ ಅದರೊಳಗಿಟ್ಟ. ಪಾಸ್‌ವರ್ಡ್ ಗೊತ್ತಿದ್ದದ್ದು ಅವನೊಬ್ಬನಿಗೇ. ಇನ್ನೊಂದು ಪ್ರತಿ ಮಾಡಲಿಲ್ಲ. ಪ್ರತಿ ಇದ್ದರೆ ಕಳ್ಳರಿಗೆ ದಾರಿ ಮಾಡಿಕೊಟ್ಟಂತೆ ಎಂಬುದು ಅವನ ಬುದ್ಧಿವಂತಿಕೆ!

ಎಲ್ಲ ತುಂಬಿಯಾಯಿತು ಎಂದು ಮುರಿಗೆಪ್ಪ ಹೇಳಿದ ಮೇಲೆ ಅಜ್ಜನೂ ಏಕತಾರಿಯನ್ನು ಗೂಟಕ್ಕೆ ತೂಗುಹಾಕಿದ. ಕೇಳಲು ಏನೂ ಉಳಿಯದೆ ಸಾತವ್ವನೂ ಬರುವುದನ್ನು ನಿಲ್ಲಿಸಿದಳು.

ಕೆಲವು ವರ್ಷ ಕಳೆದವು. ಆ ಕಂಪ್ಯೂಟರು ಕೆಟ್ಟಿತು. ಮುರಿಗೆಪ್ಪ ಡಿಸ್ಕನ್ನು ಬಿಚ್ಚಿ ಹೊಸ ಕಂಪ್ಯೂಟರಿಗೆ ಜೋಡಿಸಿದ. ಬೀಗ ಹಾಕಿದ ಭಾಗದಲ್ಲಿ ಏನಿದೆಯೆಂದು ಹೊಸದಕ್ಕೆ ತಿಳಿಯಲಿಲ್ಲ. ‘ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿತು.

ಇವನು ಅವಸರದಲ್ಲಿ ‘ಹೌದು’ ಒತ್ತಿಬಿಟ್ಟ. ಬೀಗದ ಭಾಗ ಖಾಲಿ ಕಂಡಿತು.

ಪೇಟೆಯಲ್ಲಿ ಕೆಟ್ಟ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವವನೊಬ್ಬನಿದ್ದ. ಅವನು ಬಹಳ ದಿನ ಇಟ್ಟುಕೊಂಡು ನೋಡಿದ.

“ನಿಮ್ಮ ಪದ ಎಲ್ಲಾ ಇದರಾಗ ಅದಾವ್ರಿ,” ಎಂದ.

“ಹಂಗಾರ ತಗೀರಿ! ಪಾಸ್‌ವರ್ಡ್ ನನಗ ಬಾಯಿಪಾಠ ಐತಿ.”

“ಆ ಪಾಸ್‌ವರ್ಡ್ ಹಾಕೂ ಬೀಗ ಇದ್ದಿದ್ದು ಆ ಭಾಗದ ಮೊದಲಿನ ಒಂದ ಚೂರಿನ್ಯಾಗ. ಫಾರ್ಮ್ಯಾಟ್ ಮಾಡಿದಾಗ ಅದ ಅಳಿಸಿಹೋಗೈತಿ. ಅದಿಲ್ಲದ ಉಳಿದದ್ದು ಬರೇ ಕಲಸಿಟ್ಟ ಅಂಕಿ. ಬಿಡಿಸಾಕ ಯಾರಿಂದನೂ ಆಗಂಗಿಲ್ಲ.”

ಮುರಿಗೆಪ್ಪ ಅಲ್ಲಿಂದ ನೇರ ಸಾತವ್ವನ ಮನೆಗೆ ಹೋದ. ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

“ಅಕ್ಕಾ, ಪದ ಎಲ್ಲಾ ಹೋದವು. ನಿನಗ ಒಂದಾದ್ರೂ ನೆನಪೈತೇನು?”

ಸಾತವ್ವ ಮೊರ ಕೆಳಗಿಟ್ಟಳು.

“ದನಿಗೂಡಸಬ್ಯಾಡ ಅಂದಿ. ಬಾಯಿ ತಗೀಲಿಲ್ಲ. ಬಾಯಿ ತಗೀದ ಪದ ಹೆಂಗ ಬರತೈತೋ ತಮ್ಮಾ?”

ಮತ್ತೆ ಮೊರ ಎತ್ತಿಕೊಂಡಳು. ಕೂತುಕೋ ಎಂದು ಸಹ ಅನ್ನಲಿಲ್ಲ.

ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಮುರಿಗೆಪ್ಪ ಡಿಸ್ಕನ್ನು ಅವನ ಪಾದದ ಬಳಿ ಇಟ್ಟು ಎಲ್ಲವನ್ನೂ ಹೇಳಿದ. ಹೇಳುತ್ತ ಅತ್ತುಬಿಟ್ಟ.

“ಇನ್ನೊಮ್ಮೆ ಹಾಡ್ರಿ ಅಜ್ಜಾರ. ಈ ಸಲ ಮೈಕು ಬ್ಯಾಡ. ನಿಮ್ಮ ಕೂಡ ನಾನೂ ಹಾಡ್ತೀನಿ.”

ಅಜ್ಜ ಕಣ್ಣು ಮುಚ್ಚಿದ.

“ಕೆಂಡ ನೀರಡಿಸಿ ಬಂತವ್ವಾ ಹೊಳಿಗೆ...”

ಮುರಿಗೆಪ್ಪ ದನಿಗೂಡಿಸಿದ. ಮುಂದಿನ ನುಡಿಗೆ ಅಜ್ಜ ಬಾಯಿ ತೆರೆದ. ಏನೂ ಬರಲಿಲ್ಲ. ಪಲ್ಲವಿಯನ್ನೇ ಮತ್ತೆ ಹಾಡಿದ. ಮತ್ತೆ ಅಲ್ಲಿಗೇ ನಿಂತಿತು. ಬೇರೆ ಪದ ಹಿಡಿದು ನೋಡಿದ. ಅದರ ಪಲ್ಲವಿಯೂ ಅರ್ಧಕ್ಕೇ ಕೈಕೊಟ್ಟಿತು.

“ಹಾಡದ ಭಾಳ ದಿನ ಆತು,” ಎಂದ. “ಇಟ್ಟೀನಿ ಅಂತ ನೀ ಅಂದಿ. ನಾ ಬಿಟ್ಟುಬಿಟ್ಟೆ.”

“ತಪ್ಪು ನಂದರಿ ಅಜ್ಜಾರ.”

“ನಿಂದ ಐತಿ. ನಂದೂ ಐತಿ. ನೀ ಅವರ ಬಾಯಿ ಮುಚ್ಚಿಸಿದಾಗ ನಾ ಅಲ್ಲೇ ಕುಂತಿದ್ದೆ. ನನ್ನ ದನಿ ಒಂದ ಉಳೀತೈತಿ ಅಂತ ನನಗ ಒಳಗೊಳಗ ಖುಷಿ ಆಗಿತ್ತು.”

“ಈಗ ನಾ ಏನ್ ಮಾಡ್ಲಿರಿ?”

ಅಜ್ಜ ಡಿಸ್ಕನ್ನು ಕೈಗೆತ್ತಿಕೊಂಡ. ಹೊಳೆಗೆ ಎಸೆಯುತ್ತಾನೆ ಅಂದುಕೊಂಡ ಮುರಿಗೆಪ್ಪ. ಎಸೆದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಅಜ್ಜ ಎಸೆಯಲಿಲ್ಲ, ಶಿಷ್ಯನ ತೊಡೆಯ ಮೇಲಿಟ್ಟ.

“ನಾ ಹೋಗೂ ದಿನ ಹತ್ತರ ಬಂತು. ‘ನಾ ಕೊಟ್ಟ ಪದ ಯಾರಿಗೆ ಕೊಟ್ಟು ಬಂದಿ’ ಅಂತ ನನ್ನ ಗುರು ಕೇಳ್ತಾನ. ಅವಗ ಏನ್ ಹೇಳಬೇಕು, ಅದೊಂದ ಮಾತು ನೀನ ನನಗ ಕಲಿಸು.”